ಸಭಾಭವನದ ಹೊಗೆ ಅಲಾರಂನವರಿಗೆ, ಅವರ ಬ್ಯಾಟರಿ ಕಿತ್ತವನ ದೂರು

ಸಮುದಾಯ ಭವನದ ದೊಡ್ಡ ಹಾಲಿನ ಚಾವಣಿಯಲ್ಲಿ, ವೇದಿಕೆಗೆ ಹತ್ತಿರದ ಫ್ಯಾನಿನ ಎಡಕ್ಕೆ ಕಾಯಂ ವಾಸವಾಗಿರುವ ಹೊಗೆ ಅಲಾರಂ ಅವರ ಉನ್ನತ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಅಲ್ಲಿ ಕ್ಷೇಮವೆಂದೂ, ತಮ್ಮ ಮೇಲೆ ಕೂತಿರುವ ಧೂಳು ಕೂಡ ಕ್ಷೇಮವೆಂದೂ ಭಾವಿಸುತ್ತೇನೆ. ಇಲ್ಲಿ ನಾನು, ಮಾನವೊಂದನ್ನು ಬಿಟ್ಟರೆ, ಉಳಿದಂತೆ ಚೆನ್ನಾಗಿದ್ದೇನೆ. ಆ ಮಾನ ಹೋದದ್ದು ಕಳೆದ ಭಾನುವಾರ ಬೆಳಿಗ್ಗೆ, ತಮ್ಮ ಕಣ್ಣೆದುರಿನಲ್ಲೇ, ಹಾಲು ತುಂಬ ಜನರಿದ್ದಾಗ. ಅದರಲ್ಲಿ ತಮ್ಮ ಪಾಲೂ ಇದೆಯೆಂದು ಮೊದಲು ನಮ್ರವಾಗಿಯೂ ಆಮೇಲೆ ಸ್ವಲ್ಪ ಖಾರವಾಗಿಯೂ ನಿವೇದಿಸಿಕೊಳ್ಳುವುದಕ್ಕೆ ಈ ಬಹಿರಂಗ ಪತ್ರ.

ನನ್ನ ಪರಿಚಯ ತಮಗಿದೆಯೋ ಇಲ್ಲವೋ. ಹೊಟ್ಟೆಪಾಡಿಗೆ ನಾನು ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತನ್ನು ಕೂಗಿ ಹೇಳುವವನು. ಯಾವ ಬಸ್ಸು ಯಾವ ಕಟ್ಟೆಗೆ ಬರುತ್ತದೆ, ಯಾವುದು ತಡ, ಯಾವುದು ಬರುವುದೇ ಇಲ್ಲ ಎಂಬುದನ್ನು ದಿನವಿಡೀ ಗಾಜಿನ ಗೂಡಿನೊಳಗೆ ಕೂತು ಮೈಕಿನಲ್ಲಿ ಹೇಳುತ್ತಾ ಬಂದಿದ್ದರಿಂದ, ಮೈಕಿಲ್ಲದೆ ಮಾತಾಡಿದರೆ ಅದು ನನ್ನದೇ ದನಿಯೆಂದು ನನಗೇ ನಂಬಿಕೆ ಬರುವುದಿಲ್ಲ. ಮನೆಯಲ್ಲಿ ನಾನು ಉಪ್ಪು ಕೇಳುವ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತೇನೆಂದೂ, ಕೇಳಿದ್ದನ್ನು ತಪ್ಪದೆ ಎರಡು ಸಲ ಹೇಳುತ್ತೇನೆಂದೂ ನನ್ನ ಹೆಂಡತಿಯ ಆರೋಪ. ಬೀದಿಯವರು ನನಗಿಟ್ಟ ಹೆಸರು ‘ಮೈಕಣ್ಣ’. ಪ್ರೀತಿಯಿಂದ ಇಟ್ಟದ್ದೆಂದು ಬಹಳ ಕಾಲ ನಂಬಿದ್ದೆ.

ಈ ಮೈಕಣ್ಣನೇ ನಮ್ಮ ಬಡಾವಣೆಯ ಬೆಂಕಿ ಸುರಕ್ಷತಾ ಸಮಿತಿಯ ಕಾರ್ಯದರ್ಶಿ. ಮನೆ ಮನೆಗೆ ಹೋಗಿ ತಮ್ಮ ಕುಲಬಾಂಧವರು ಚಾವಣಿಯಲ್ಲಿ ಉಸಿರಾಡುತ್ತಿದ್ದಾರೋ ಇಲ್ಲವೋ ನೋಡುವುದು, ಇಲ್ಲದವರಿಗೆ ಪುಕ್ಕಟೆ ಒಂದನ್ನು ಕೊಟ್ಟು ಸ್ಕ್ರೂ ಹಾಕಿಸುವುದು, ಒಲೆಯ ಮೇಲೆ ಎಣ್ಣೆಯಿಟ್ಟು ಫೋನಿನಲ್ಲಿ ಮಾತಿಗೆ ಕೂತ ಗೃಹಸ್ಥರಿಗೆ ಬುದ್ಧಿ ಹೇಳುವುದು ನಮ್ಮ ಕೆಲಸ. ಆಹಾ, ಎಷ್ಟು ವಿಧದ ಅಪರಾಧಿಗಳನ್ನು ಕಂಡೆ! ಕಿರುಚಾಟ ತಾಳಲಾರದೆ ಚಾವಣಿಯಲ್ಲಿದ್ದ ತಮ್ಮ ಕುಲದವರೊಬ್ಬರಿಗೆ ಸ್ನಾನದ ಟೋಪಿ ತೊಡಿಸಿದ್ದವರು, ಇನ್ನೊಬ್ಬರನ್ನು ಬಿಚ್ಚಿ ಕಾಲುಚೀಲದ ಡ್ರಾಯರಿನಲ್ಲಿ ಮಲಗಿಸಿದ್ದವರು, ಬ್ಯಾಟರಿ ತೆಗೆದು ಮಗುವಿನ ಆಟಿಕೆಗೆ ಹಾಕಿಕೊಟ್ಟು ಮಗು ನಗುವುದನ್ನು ನೋಡುತ್ತಾ ಕೂತಿದ್ದವರು. ಈ ಕೊನೆಯವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದೇ ಸಿಟ್ಟಿನಲ್ಲಿ ಕರಪತ್ರಕ್ಕೆ ಒಂದು ಘೋಷವಾಕ್ಯ ಬರೆದೆ: ‘ಬ್ಯಾಟರಿ ತೆಗೆದವನೇ ಮನೆಹಾಳ’. ಇಷ್ಟು ಕಟುವಾಗಿ ಬೇಡ ಎಂದ ನಮ್ಮ ಖಜಾಂಚಿಯ ಬಾಯಿ ಮುಚ್ಚಿಸಿ, ಕೆಂಪು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ, ಕೆಳಗೆ ನನ್ನ ಹೆಸರು ಹಾಕಿ ಅಚ್ಚು ಹಾಕಿಸಿದೆ. ಆ ಕರಪತ್ರದ ಒಂದು ಪ್ರತಿ ತಮ್ಮ ಕೆಳಗಿನ ಗೋಡೆಯ ಮೇಲೆ ಈಗಲೂ ಇದೆ.

ಇನ್ನು ನನ್ನ ತಂಗಿಯ ವಿಷಯ. ಅವಳು ಪುಸ್ತಕಗಳಿಗೆ ಬೈಂಡು ಹಾಕುವವಳು. ಕೆಲವು ವರ್ಷಗಳ ಹಿಂದೆ ಅವಳು ಬಾಡಿಗೆಗಿದ್ದ ಕೋಣೆಗೆ ಬೆಂಕಿ ಬಿದ್ದು ಎರಡೂ ಕೈ, ಕತ್ತಿನ ಒಂದು ಪಕ್ಕ ಸುಟ್ಟುಹೋದವು. ಆಸ್ಪತ್ರೆ, ಮತ್ತೆ ಆಸ್ಪತ್ರೆ, ತೊಡೆಯ ಚರ್ಮ ಕೈಗೆ, ಆಮೇಲೆ ಚರ್ಮ ಗಂಟುಕಟ್ಟದಂತೆ ಹಗಲೂ ರಾತ್ರಿ ತೊಡಬೇಕಾದ ಬಿಗಿ ಕೈಗವಸು. ಆ ಕೈಗವಸು ಬೇಗ ಸಡಿಲಾಗುತ್ತದೆ, ಸಡಿಲಾದರೆ ಕೆಲಸಕ್ಕೆ ಬಾರದು, ಹೊಸದನ್ನು ಅಳತೆ ಕೊಟ್ಟು ಹೊಲಿಸಬೇಕು. ವಾರ್ಡಿನಲ್ಲಿ ಎಷ್ಟೋ ಜನ ಹಳೆಯದನ್ನೇ ಪಿನ್ನು ಹಾಕಿ ಬಿಗಿ ಮಾಡಿಕೊಳ್ಳುವುದನ್ನು ಅವಳು ಕಂಡಿದ್ದಳು. ನಾವು ವರ್ಷಕ್ಕೊಮ್ಮೆ ತಮ್ಮ ಹಾಲಿನಲ್ಲಿ ಸಹಾಯಧನದ ಸಭೆ ಕರೆಯುವುದು ಆ ಕೈಗವಸುಗಳಿಗಾಗಿ. ಪ್ರತಿ ಸಲವೂ ಬಂದು ಮಾತಾಡೆಂದು ನಾನು ಗೋಗರೆಯುತ್ತಿದ್ದೆ, ಪ್ರತಿ ಸಲವೂ ಅವಳು ‘ನನ್ನ ಕೈ ತೋರಿಸಿ ದುಡ್ಡು ಎತ್ತಬೇಡ ಅಣ್ಣ’ ಎನ್ನುತ್ತಿದ್ದಳು.

ಅವಳಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಯಾವ ಕೋಣೆಗೆ ಬಂದರೂ ಹೊಸ್ತಿಲಲ್ಲೇ ನಿಂತು ಚಾವಣಿಯನ್ನು ನೋಡುತ್ತಾಳೆ. ತಮ್ಮಂಥವರ ಹೊಟ್ಟೆಯಲ್ಲಿರುವ ಆ ಸಣ್ಣ ಕೆಂಪು ದೀಪ ಬಿಟ್ಟು ಬಿಟ್ಟು ಮಿಣುಕುವುದರಿಂದ, ಅದು ಮಿಣುಕುವವರೆಗೂ ಅವಳು ಅಲ್ಲೇ ನಿಲ್ಲುತ್ತಾಳೆ. ಗೊತ್ತಿಲ್ಲದವರು ಏನೋ ಮರೆತು ಬಂದಿದ್ದಾಳೆ ಎಂದುಕೊಳ್ಳುತ್ತಾರೆ. ಮಿಣುಕಿದ ಮೇಲೆ ಒಳಗೆ ಬರುತ್ತಾಳೆ, ಕೂರುತ್ತಾಳೆ, ಎಲ್ಲರಂತೆ ಹರಟುತ್ತಾಳೆ. ಈ ಸಲ ಸಭೆಗೆ ಬಂದು ಮಾತಾಡಲು ಒಪ್ಪಿದಾಗಲೂ ಅವಳು ಹಾಕಿದ ಷರತ್ತು ಒಂದೇ: ‘ಆ ದೀಪ ಉರೀತಿರಬೇಕು, ನೋಡ್ಕೋ.’ ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ. ಕಾರ್ಯದರ್ಶಿಗೇ ಹೇಳುತ್ತೀಯಲ್ಲ ಎಂದೂ ಸೇರಿಸಿದೆ.

ಮಾನ್ಯರೇ, ಮುಂದಿನದಕ್ಕೆ ತಾವೇ ಸಾಕ್ಷಿ. ಹಾಲು ತುಂಬಿತ್ತು. ಅಗ್ನಿಶಾಮಕ ಠಾಣೆಯ ಅಧಿಕಾರಿಗಳು ಮುಖ್ಯ ಅತಿಥಿಯಾಗಿ ಇಸ್ತ್ರಿ ಮುರಿಯದಂತೆ ನೆಟ್ಟಗೆ ಕೂತಿದ್ದರು. ನಾನು ಮೈಕು ಹಿಡಿದು ‘ಮಾನ್ಯರೇ’ ಎಂದೆ. ‘ಮಾ’ ಕೇಳಿಸಿತು, ‘ನ್ಯರೇ’ ಕೇಳಿಸಲಿಲ್ಲ. ಮೈಕಿನ ಬ್ಯಾಟರಿ ಪ್ರಾಣ ಬಿಟ್ಟಿತ್ತು. ಅದು ತಲೆಯ ಮೇಲೆ ಎರಡು ಮೊಳಕೆಯಿರುವ, ಚೌಕನೆಯ, ಮೂಲೆ ಅಂಗಡಿಯಲ್ಲಿ ಸಿಗದ ಜಾತಿಯದು. ಅಂಥದ್ದು ಇನ್ನೆಲ್ಲಿರುತ್ತದೆ ಎಂದು ಖಜಾಂಚಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಆಮೇಲೆ ಇಬ್ಬರೂ ಒಟ್ಟಿಗೆ ಮೇಲೆ ನೋಡಿದೆವು. ಜನರನ್ನು ಹಿಂದಿನ ಕೋಣೆಗೆ ಚಹಾಕ್ಕೆ ಕಳಿಸಿ, ಖಜಾಂಚಿ ಸ್ಟೂಲು ಹಿಡಿದ, ನಾನು ಹತ್ತಿದೆ. ತಮ್ಮ ಮುಚ್ಚಳ ತಿರುವಿದೆ. ಭಾಷಣ ಮುಗಿದ ಮೇಲೆ ಹಾಕಿದರಾಯಿತು ಎಂದೆ. ಆಯಿತು, ಆಮೇಲೆ ಹಾಕಿದರಾಯಿತು ಎಂದು ಖಜಾಂಚಿಯೂ ಅಂದ. ಹೊಸ ಬ್ಯಾಟರಿಯ ಖರ್ಚು ಉಳಿದದ್ದಕ್ಕೆ ಅವನ ಮುಖ ಅರಳಿತ್ತು.

ನನ್ನ ದೂರು ಇರುವುದು ಇಲ್ಲಿ. ರೊಟ್ಟಿ ಕೊಂಚ ಸೀದರೆ ಬೀದಿಗೆ ಬೀದಿಯೇ ಎದ್ದು ನಿಲ್ಲುವಂತೆ ಬೊಬ್ಬೆ ಹಾಕುವ ತಾವು, ಯಾರೋ ಹಾಲಿನಲ್ಲಿ ಕದ್ದು ಸಿಗರೇಟು ಹಚ್ಚಿದರೆ ಅವರ ಏಳು ಜನ್ಮದ ಪಾಪವನ್ನು ಎತ್ತಿ ಆಡುವಂತೆ ಕೂಗುವ ತಾವು, ಹಾಡಹಗಲಿನಲ್ಲಿ ತಮ್ಮ ಎದೆಯನ್ನೇ ಬಿಚ್ಚಿ ಜೀವ ಕಿತ್ತುಕೊಂಡಾಗ ಒಂದು ಚಕಾರವನ್ನೂ ಎತ್ತಲಿಲ್ಲ! ಒಂದು ಕೀಚು ದನಿ ಸಾಕಿತ್ತು, ನಾನು ನಾಚಿ ಕೆಳಗಿಳಿಯುತ್ತಿದ್ದೆ. ಇಳಿಯುತ್ತಿರಲಿಲ್ಲವೇನೋ. ಆದರೂ ಕೂಗುವ ಧರ್ಮ ತಮ್ಮದಾಗಿತ್ತು. ತಮ್ಮ ಈ ಅಪಾರ ಸಹನೆಯನ್ನು ನೋಡಿದರೆ, ತಾವು ಎಚ್ಚರಿಕೆ ಕೊಡುವ ಕೆಲಸ ಬಿಟ್ಟು ನಮ್ಮ ಸಮಿತಿಗೇ ಸದಸ್ಯರಾಗಬಹುದಿತ್ತು. ಅಲ್ಲಿ ಎಲ್ಲರೂ ಹೀಗೆಯೇ, ಮುಚ್ಚಳ ಸರಿಯಾಗಿ ಹಾಕಿದ್ದರೆ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ.

ಜನ ಮರಳಿ ಕೂತರು, ಮೈಕು ಗುಡುಗಿತು. ತಮ್ಮ ಬ್ಯಾಟರಿಯ ಬಲದಲ್ಲಿ ನನ್ನ ದನಿ ಹಿಂದೆಂದೂ ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ. ಆಗ ತಂಗಿ ಬಂದಳು. ಹಾಲಿನ ಹೊಸ್ತಿಲಲ್ಲಿ ನಿಂತಳು, ತಲೆಯೆತ್ತಿದಳು, ಕಾದಳು. ನಾನು ವೇದಿಕೆಯ ಮೇಲಿಂದ ನೋಡುತ್ತಿದ್ದೆ. ಈಗ ಮಿಣುಕುತ್ತದೆ, ಇನ್ನೇನು ಮಿಣುಕುತ್ತದೆ ಎಂಬಂತೆ ಅವಳು ನಿಂತೇ ಇದ್ದಳು. ಯಾರೋ ಕುರ್ಚಿ ತೋರಿಸಿದರು, ಇವಳು ‘ಇರಲಿ’ ಎಂದು ಕೈಯಲ್ಲಾಡಿಸಿದಳು. ಇಳಿದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ಅವಳ ಕಡೆ ನೋಡುವುದನ್ನು ಬಿಟ್ಟು ಭಾಷಣ ಮುಂದುವರಿಸಿದೆ. ಬಸ್ಸು ಹೊರಟ ಮೇಲೆ ನಡುವೆ ನಿಲ್ಲಿಸಬಾರದೆಂಬುದು ನನ್ನ ವೃತ್ತಿಯ ನಿಯಮವೂ ಹೌದು. ಸಾಲದ್ದಕ್ಕೆ, ಸರಿಯಾಗಿ ಅದೇ ಹೊತ್ತಿಗೆ ಭಾಷಣದ ಅತ್ಯುತ್ತಮ ಭಾಗ ಬಂತು. ಬೆರಳು ಎತ್ತಿ, ದನಿ ನಡುಗಿಸಿ, ‘ಬ್ಯಾಟರಿ ತೆಗೆದವನೇ ಮನೆಹಾಳ!’ ಎಂದೆ. ನನ್ನ ಅಭ್ಯಾಸದಂತೆ ಎರಡು ಸಲ ಹೇಳಿದೆ. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಬಾಗಿಲಿನಿಂದ ಒಂದು ಪ್ರಶ್ನೆ ಬಂತು. ದೊಡ್ಡ ದನಿಯೇನಲ್ಲ.

‘ಅಣ್ಣಾ, ನಿನ್ನ ದನಿ ಚೆನ್ನಾಗಿ ಕೇಳಿಸ್ತಿದೆ. ಬ್ಯಾಟರಿ ಎಲ್ಲಿಂದ ತಂದೆ?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ತಮಗೆ ಗೊತ್ತಿರಬಹುದು. ನಾನು ಮೈಕನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅಧಿಕಾರಿಗಳು ಮೊದಲು ನನ್ನನ್ನು ನೋಡಿದರು, ಆಮೇಲೆ ಚಾವಣಿಯಲ್ಲಿದ್ದ ತಮ್ಮನ್ನು. ಅವರು ನೋಡಿದ್ದರಿಂದ ಇಡೀ ಹಾಲು ತಲೆಯೆತ್ತಿ ತಮ್ಮನ್ನು ನೋಡಿತು. ಖಜಾಂಚಿ ಮಾತ್ರ ತನ್ನ ಚಪ್ಪಲಿಯನ್ನು ನೋಡಿದ. ಇಷ್ಟು ದಿನ ಕಂಠಶೋಷಣೆ ಮಾಡಿಕೊಂಡು ಜನರಿಗೆ ಹೇಳಿದ್ದೆ, ಯಾವ ಹಾಲಿಗೆ ಹೋದರೂ ಒಮ್ಮೆ ಚಾವಣಿ ನೋಡಿ ಎಂದು. ಒಬ್ಬರೂ ನೋಡಿರಲಿಲ್ಲ. ಅಂದು ಎಲ್ಲರೂ ನೋಡಿದರು.

ನಾನು ಇಳಿದೆ. ಮೈಕಿನ ಬೆನ್ನು ಬಿಚ್ಚಿದೆ. ಸ್ಟೂಲು ಹತ್ತಿದೆ, ಈ ಸಲ ಅದನ್ನು ಹಿಡಿದುಕೊಂಡವರು ಸಾಕ್ಷಾತ್ ಅಧಿಕಾರಿಗಳು. ಅವಸರದಲ್ಲಿ ಬ್ಯಾಟರಿ ಮೊದಲು ತಿರುಗುಮುರುಗಾಗಿ ಕೂತಿತು. ಸರಿಯಾಗಿ ಕೂರಿಸಿ, ಪರೀಕ್ಷೆಗೆಂದು ಇರುವ ಗುಂಡಿ ಒತ್ತಿದಾಗ ತಾವು ಕೂಗಿದಿರಿ ನೋಡಿ, ಅಬ್ಬಾ, ಮಕ್ಕಳು ಕಿವಿ ಮುಚ್ಚಿಕೊಂಡರು, ಮುದುಕರೊಬ್ಬರು ಬೈದರು, ನನಗಂತೂ ನನ್ನನ್ನೇ ಹೆಸರು ಹಿಡಿದು ಕೂಗಿದ ಹಾಗಾಯಿತು. ಬಾಗಿಲಲ್ಲಿ ನಿಂತವಳ ಮುಖ ಮಾತ್ರ ಸಡಿಲವಾಯಿತು. ದೀಪ ಮಿಣುಕುವವರೆಗೆ ಕಾದು, ಒಳಗೆ ಬಂದು, ಸರಿಯಾಗಿ ತಮ್ಮ ಕೆಳಗಿನ ಕುರ್ಚಿಯಲ್ಲಿ ಕೂತಳು.

ಅವಳು ಮಾತಾಡಿದ್ದು ಕೂತಲ್ಲಿಂದಲೇ, ಮೈಕಿಲ್ಲದೆ. ಕೇಳಿಸಿಕೊಳ್ಳಲು ಜನ ಕುರ್ಚಿಗಳನ್ನು ಹತ್ತಿರ ಎಳೆದುಕೊಂಡರು. ಕೈ ತೋರಿಸಲಿಲ್ಲ, ಅಳಲಿಲ್ಲ. ವಾರ್ಡಿನ ಪಿನ್ನಿನ ಕೈಗವಸುಗಳ ಬಗ್ಗೆ ಹೇಳಿದಳು. ಕೊನೆಗೆ, ನಾನೂ ನನ್ನ ಹೆಂಡತಿಯೂ ಇಷ್ಟು ವರ್ಷ ಕೇಳದಿದ್ದ ಒಂದು ಮಾತು ಹೇಳಿದಳು.

‘ನಾನಿದ್ದ ರೂಮಿನಲ್ಲೂ ಇಂಥದ್ದೇ ಒಂದಿತ್ತು. ಇದೆಯಲ್ಲ ಅಂತ ಧೈರ್ಯವಾಗಿ ಮಲಗ್ತಿದ್ದೆ. ಬೆಂಕಿ ಆರಿಸಿದವರು ಬಿಚ್ಚಿ ನೋಡಿದ್ರಂತೆ, ಒಳಗೆ ಬ್ಯಾಟರಿ ಇರಲಿಲ್ಲ. ನನಗಿಂತ ಮೊದಲು ಇದ್ದವರು ಯಾರೋ ತೆಗೆದಿರಬೇಕು. ಅವರೇನೂ ಕೆಟ್ಟವರಲ್ಲ. ಏನೋ ಅರ್ಜೆಂಟಿರುತ್ತೆ, ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡಿರ್ತಾರೆ.’

ಮಾನ್ಯರೇ, ಅವಳು ನನ್ನ ಕಡೆ ನೋಡಲಿಲ್ಲ. ನಾನು ಸ್ಟೂಲು ಹತ್ತಿದಾಗ ನಾನೂ ಖಜಾಂಚಿಯೂ ಆಡಿದ ಮಾತು ಅವಳಿಗೆ ಗೊತ್ತಿರಲಿಕ್ಕೆ ಸಾಧ್ಯವೇ ಇಲ್ಲ, ಅದನ್ನು ಕೇಳಿದ್ದವರು ತಾವೊಬ್ಬರೇ. ನನಗೆ ಬಹಳ ನಾಚಿಕೆಯಾಯಿತು. ಅದನ್ನು ತಮಾಷೆಯಾಗಿ ಹೇಳುವ ದಾರಿ ಈ ಪತ್ರದಲ್ಲಿ ಇನ್ನೂ ಸಿಕ್ಕಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ಇನ್ನು ಮುಂದೆ ಹೊಗೆಗೆ ಮಾತ್ರವಲ್ಲದೆ, ಬರೇ ಬಾಯಿಮಾತಿಗೂ ತಾವು ಕೂಗುವಂತಾಗಬೇಕು. ‘ಆಮೇಲೆ’ ಎಂಬ ಪದ ತಮ್ಮ ಸುತ್ತಮುತ್ತ ಯಾರ ಬಾಯಿಂದ ಬಂದರೂ ಕಿವಿ ಹರಿಯುವಂತೆ ಅರಚಬೇಕು. ಸಮಿತಿಯ ಕಾರ್ಯದರ್ಶಿ ಸ್ಟೂಲು ಹತ್ತಿದ ಕೂಡಲೇ ತಾವು ಚಾವಣಿಯಲ್ಲಿ ಇನ್ನೂ ಮೇಲಕ್ಕೆ ಸರಿದುಕೊಳ್ಳಬೇಕು. ಬ್ಯಾಟರಿ ಇಲ್ಲದಾಗಲೂ ದಯವಿಟ್ಟು ಸುಳ್ಳುಸುಳ್ಳೇ ಮಿಣುಕಿ ನಮ್ಮಂಥವರ ಮಾನ ಕಾಪಾಡಬೇಕೆಂಬ ಬೇಡಿಕೆಯನ್ನೂ ಮೊದಲ ಕರಡಿನಲ್ಲಿ ಬರೆದಿದ್ದೆ. ಅದನ್ನು ಹೊಡೆದುಹಾಕಿದ್ದೇನೆ. ತಾವು ಅಷ್ಟೊಂದು ಸಭ್ಯರಾದರೆ ನನ್ನ ತಂಗಿ ನಂಬಿ ಒಳಗೆ ಬಂದು ಕೂತುಬಿಡುತ್ತಾಳೆ.

ಕತ್ತಲೆಯಲ್ಲಿ ಕೂತರೂ ಸುಳ್ಳಾಗಿ ಮಿಣುಕದ ತಮ್ಮ ಹೊಟ್ಟೆಯ ದೀಪಕ್ಕೆ ತಲೆಬಾಗುತ್ತಾ, ತಮ್ಮ ಬ್ಯಾಟರಿಯನ್ನು ಕೆಲಕಾಲ ಭಾಷಣಕ್ಕೆ ಬಳಸಿದ ತಪ್ಪಿನ ನಡುವೆಯೂ,

ತಮ್ಮ ವಿಶ್ವಾಸಿ,
ಮೈಕಣ್ಣ
(ಕಾರ್ಯದರ್ಶಿ, ಕರಪತ್ರದ ಪ್ರಕಾರ ಮನೆಹಾಳ)

ಮರೆತ ಮಾತು: ಈ ವರ್ಷ ಕೂಡಿದ ಸಹಾಯಧನ ಎಲ್ಲ ವರ್ಷಗಳಿಗಿಂತ ಹೆಚ್ಚು. ನನ್ನ ಭಾಷಣ ಅರ್ಧಕ್ಕೆ ನಿಂತದ್ದೇ ಇದಕ್ಕೆ ಕಾರಣವೆಂದು ಖಜಾಂಚಿ ಸಭೆಯಲ್ಲಿ ಮಂಡಿಸಿ, ಮೈಕಿಗೆ ಇನ್ನು ಬ್ಯಾಟರಿ ಕೊಳ್ಳಬೇಕಾಗಿಲ್ಲವೆಂದು ಸರ್ವಾನುಮತದಿಂದ ಪಾಸು ಮಾಡಿಸಿದ್ದಾನೆ.

ಇನ್ನೊಂದು: ನಿನ್ನೆ ತಂಗಿ ನಮ್ಮ ಮನೆಗೆ ಬಂದಿದ್ದಳು. ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದಳು. ದೀಪ ಮಿಣುಕಿತು. ಬಾ ಎಂದೆ. ಅವಳು ನನ್ನ ಕಡೆ ನೋಡಿ ನಕ್ಕು, ಕುರ್ಚಿ ಎಳೆದುಕೊಂಡು ಹತ್ತಿ, ಸೆಟೆದ ಬೆರಳಿನಿಂದ ಗುಂಡಿ ಒತ್ತಿ, ಅದು ಕೂಗಿದ್ದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಕೂತಳು. ಮೊದಲೆಲ್ಲ ನೋಡಿ ಕೂರುತ್ತಿದ್ದಳು. ಈಗ ಒತ್ತಿ ನೋಡಿ ಕೂರುತ್ತಾಳೆ, ಅದೂ ಅಣ್ಣನ ಮನೆಯಲ್ಲಿ. ಇಷ್ಟು ವರ್ಷದ ನನ್ನ ಜಾಗೃತಿ ಕಾರ್ಯಕ್ರಮದಿಂದ ಪೂರ್ತಿ ಎಚ್ಚೆತ್ತುಕೊಂಡವಳು ಅವಳೊಬ್ಬಳೇ.