ಹೆಸರು ಮುಗಿಯುವ ತನಕ

ನನ್ನ ಮೈದುನ ಒಂದೇ ಒಂದು ಸಿನಿಮಾವನ್ನೂ ನೋಡಿದವನಲ್ಲ ಎಂದರೆ ನೀವು ನಂಬಬೇಕು. ಮನೆಯಲ್ಲಿ ಟಿ.ವಿ. ಇರಲಿಲ್ಲವೇ? ಇತ್ತು. ವಿ.ಸಿ.ಆರ್. ಇರಲಿಲ್ಲವೇ? ಅದನ್ನು ಹೊತ್ತು ತಂದವನೇ ಅವನು! ಆದರೆ ಹೀರೋ ಹೀರೋಯಿನ್ ಮರ ಸುತ್ತುವಾಗ ಈ ಮಹಾಶಯ ಅಡುಗೆಮನೆಯಲ್ಲಿ ಬಂಗುಡೆ ಮೀನು ಹುರಿಯುತ್ತಿದ್ದ. ಕೊನೆಯಲ್ಲಿ ಹೆಸರುಗಳು ಏರತೊಡಗಿದವೋ, ಸೌಟು ಹಿಡಿದೇ ಓಡಿ ಬರುತ್ತಿದ್ದ. ಎಡಿಟರ್, ಅಸಿಸ್ಟೆಂಟ್ ಎಡಿಟರ್, ಮೇಕಪ್, ಲೈಟಿನವರು... ಒಬ್ಬೊಬ್ಬರನ್ನೂ ಗಟ್ಟಿಯಾಗಿ ಓದಬೇಕು. ಅಷ್ಟರೊಳಗೆ ಯಾರಾದರೂ ಎದ್ದರೆ ಮುಗಿಯಿತು!

"ಕೂತ್ಕೊಳ್ಳಿ ಅತ್ತಿಗೆ. ಹೊಟ್ಟೆ ತುಂಬಾ ಉಂಡು ಬಡಿಸಿದವರ ಮುಖ ನೋಡದೆ ಹೋಗುವುದಾ? ನಿಮ್ಮ ಕಾನ್ವೆಂಟಿನಲ್ಲಿ ಇದನ್ನೇ ಕಲಿಸಿದ್ದಾ?"

ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಕೂಡ ಪ್ರೇಯರಿನಲ್ಲಿ ಇಷ್ಟು ಡಿಸಿಪ್ಲಿನ್ ಹೇರಿದವರಲ್ಲ!

ಆಗ ನಾವಿದ್ದದ್ದು ಕುವೈತಿನ ಅಬ್ಬಾಸಿಯಾದ ಒಂದು ಪುಟ್ಟ ಫ್ಲಾಟಿನಲ್ಲಿ. ನಾನು, ನನ್ನ ಗಂಡ, ಶಾಲೆಗೆ ಹೋಗುವ ಮಗಳು, ಮತ್ತು ಮದುವೆಯ ಮಾತೆತ್ತಿದರೆ ಮಾಯವಾಗುವ ಈ ಮೈದುನ. ಚಿಕ್ಕಂದಿನಲ್ಲೇ ತಂದೆ ತಾಯಿ ಹೋದ ಮೇಲೆ ನನ್ನವರೇ ಅವನನ್ನು ಸಾಕಿ, ಓದಿಸಿ, ಕುವೈತಿಗೂ ಕರೆಸಿಕೊಂಡಿದ್ದರು.

ತೊಂಬತ್ತರ ಜುಲೈ ಕೊನೆಯಲ್ಲಿ ಅವನೊಂದು ಕ್ಯಾಸೆಟ್ ಬಾಡಿಗೆಗೆ ತಂದ. ಕವರಿನ ಮೇಲೆ ಗಾಳಿಯಲ್ಲಿ ತೇಲುತ್ತಾ ಒದೆಯುವ ಚೀನೀ ವೀರ. ಒಳಗಿದ್ದದ್ದೋ ಬೇರೆಯೇ ಸಿನಿಮಾ! ಚೀನಾದ್ದೇ, ಆದರೆ ಒದೆ ಹೋಗಲಿ, ಒಬ್ಬರು ಇನ್ನೊಬ್ಬರಿಗೆ ಭುಜ ತಾಗಿಸುವುದೂ ಇಲ್ಲ. ನದಿಯ ದಡದಲ್ಲಿ ಒಬ್ಬಳು ಹೆಂಗಸು ಕಾಳು ಅರೆದು, ಸೋಸಿ, ಕಾಯಿಸಿ ಏನೋ ಮಾಡುತ್ತಾಳೆ. ನನಗಂತೂ ಅದು ನಮ್ಮೂರಿನ ಸಿಹಿತಿಂಡಿ ಹಾಲುಬಾಯಿಯಂತೆಯೇ ಕಂಡಿತು. ಗಂಡ ದೋಣಿ ಹತ್ತಿ ಎಲ್ಲಿಗೋ ಹೋಗುತ್ತಾನೆ. ಇವಳು ಕಾಯುತ್ತಾಳೆ. ಕಡೆಗೆ ದೂರದಲ್ಲಿ ಒಂದು ದೋಣಿ ಕಾಣಿಸುತ್ತದೆ. ಒಳಗೆ ಯಾರಿದ್ದಾರೆಂದು ತಿಳಿಯುವ ಮೊದಲೇ ಪರದೆ ಕಪ್ಪಾಗಿ ಹೆಸರುಗಳು ಶುರು!

"ವೇರ್ ಈಸ್ ದ ಫೈಟಿಂಗ್, ಚಿಕ್ಕಪ್ಪ?" ಎಂದು ಮಗಳು ಅಳುವುದೊಂದು ಬಾಕಿ.

ಕ್ಯಾಸೆಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇಂಗ್ಲಿಷಿನಲ್ಲಿದ್ದದ್ದು ಒಂದೇ ಮಾತು, ಇದು ಹೆಸರಾಂತ ಕಾದಂಬರಿಯನ್ನು ಆಧರಿಸಿದ್ದು ಎಂದು. ಹೆಸರುಗಳೆಲ್ಲ ಚೀನೀ ಲಿಪಿಯಲ್ಲಿ. ಇವತ್ತು ಇವನು ಸೋತ ಎಂದುಕೊಂಡೆ. ಎಲ್ಲಿ ಬಂತು!

"ಮೊದಲು ಒಂಟಿಯಾಗಿ ಬಂತಲ್ಲ, ಅದು ಕಾದಂಬರಿ ಬರೆದವಳು. ತುಂಬಾ ಹೊತ್ತು ನಿಂತದ್ದು ಡೈರೆಕ್ಟರ್. ಇಬ್ಬರ ನಡುವೆ ಸಿಕ್ಕಿಕೊಂಡವನು ಸ್ಕ್ರಿಪ್ಟ್ ಬರೆದವನು, ಪಾಪ!"

"ಬರೆದದ್ದು ಹೆಂಗಸು ಅಂತ ನಿನಗೆ ಹೇಗೆ ಗೊತ್ತು ಮಾರಾಯ?"

"ಗಂಡಸಾದರೆ ಒಲೆಯ ಬೂದಿ ತೆಗೆಯುವುದನ್ನು ಅಷ್ಟು ಉದ್ದ ಬರೀತಿದ್ನಾ, ಅತ್ತಿಗೆ?"

ಅಡುಗೆಮನೆಯ ಬಾಗಿಲಿನಿಂದ ಇಣುಕಿದ್ದಷ್ಟೇ ಇವನ ಬಂಡವಾಳ! ಅಷ್ಟರಿಂದಲೇ ಇಡೀ ತಂಡದ ಜಾತಕ ಬರೆದ. ಡೈರೆಕ್ಟರ್ ಹಠಮಾರಿ. ಕ್ಯಾಮೆರಾದವನು ಕುತ್ತಿಗೆ ಮುಳುಗುವಷ್ಟು ನೀರಿನಲ್ಲಿ ನಿಂತದ್ದರಿಂದ ಅವನಿಗೆ ಸೊಂಟನೋವು. ಮ್ಯೂಸಿಕ್ಕಿನವನು ಮಹಾ ಜಿಪುಣ, ಇಡೀ ಸಿನಿಮಾಕ್ಕೆ ಕೊಟ್ಟದ್ದು ಒಂದೇ ಕೊಳಲು! ಕಾದಂಬರಿಯಲ್ಲಿ ಗಂಡ ಬರುವುದೇ ಇಲ್ಲವಂತೆ. ಡೈರೆಕ್ಟರ್ 'ಬರಲೇಬೇಕು' ಎಂದು ಊಟ ಬಿಟ್ಟು ಕೂತನಂತೆ. 'ದೋಣಿ ತೋರಿಸುವ, ಒಳಗಿರುವವರನ್ನು ತೋರಿಸುವುದು ಬೇಡ' ಎಂದು ಸ್ಕ್ರಿಪ್ಟಿನವನು ರಾಜಿ ಮಾಡಿಸಿದನಂತೆ. ನನ್ನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅದಾಗಿ ವಾರ ಕಳೆದಿರಲಿಲ್ಲ, ಇರಾಕಿನ ಸೈನ್ಯ ಬಂತು. ನನ್ನವರು ಫಹಾಹೀಲ್ ಕಡೆ ಎಣ್ಣೆ ಸ್ಥಾವರದಲ್ಲಿ ಡ್ಯೂಟಿಯಲ್ಲಿದ್ದರು. ಫೋನ್ ಸತ್ತಿತು. ದಾರಿಯುದ್ದಕ್ಕೂ ಕಾವಲು. ಯಾರೋ ಅವರನ್ನು ನೋಡಿದರಂತೆ, ಇನ್ಯಾರೋ ನೋಡಲಿಲ್ಲವಂತೆ. ಬರೀ 'ಅಂತೆ'ಗಳಲ್ಲೇ ದಿನ ಕಳೆಯಿತು.

ಕ್ಯಾಸೆಟ್ ಅಂಗಡಿಯೂ ಮುಚ್ಚಿತ್ತು. ಮನೆಯಲ್ಲಿ ಉಳಿದದ್ದು ಆ ಒಂದೇ ಸಿನಿಮಾ. ಪ್ರತಿ ಮಧ್ಯಾಹ್ನ ಮೈದುನ ಅದನ್ನು ಹಾಕುತ್ತಿದ್ದ. ಹುರಿಯಲು ಮೀನಿಲ್ಲದ್ದರಿಂದ ಈಗ ನಮ್ಮ ಜೊತೆಗೇ ಕೂರುತ್ತಿದ್ದ. ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಜುಲೈಯಲ್ಲಿ ಅಷ್ಟು ಬಿಗಿಯಾಗಿದ್ದ ಕಾದಂಬರಿಕಾರ್ತಿ ಆಗಸ್ಟಿನಲ್ಲಿ ಮೆತ್ತಗಾಗಿದ್ದಳು! ಗಂಡ ಬಂದರೆ ಬರಲಿ ಎಂದು ಅವಳೂ ಒಪ್ಪಿದ್ದಳಂತೆ.

ಒಮ್ಮೆ ಒಬ್ಬ ಸಿಪಾಯಿ ಬಾಗಿಲು ಬಡಿದ. ಮನೆ ಮನೆಯಿಂದ ಟಿ.ವಿ. ಎತ್ತಿಕೊಂಡು ಹೋಗುತ್ತಿದ್ದ ಕಾಲ. ಮೇಜಿನ ಮೇಲಿದ್ದ ಕವರಿನ ವೀರನನ್ನು ನೋಡಿ ಅವನ ಮುಖ ಅರಳಿತು. ಬಂದೂಕು ಮಡಿಲಲ್ಲಿಟ್ಟು ಕೂತೇಬಿಟ್ಟ. ಒದೆಗಾಗಿ ಕಾದ, ಕಾದ, ಆಕಳಿಸಿದ. ದೋಣಿ ಬಂದಾಗ ಎದ್ದ.

"ಖಲಾಸ್ ಆಗ್ಲಿಲ್ಲ! ಕೂತ್ಕೋ!" ಮೈದುನ ಅವನ ತೋಳು ಹಿಡಿದು ಕೂರಿಸಿದ. ನಾನು ಮಗಳನ್ನು ಹತ್ತಿರ ಎಳೆದುಕೊಂಡೆ. ಸಿಪಾಯಿ ಪಿಳಿಪಿಳಿ ಕಣ್ಣು ಬಿಡುತ್ತಾ ಕೊನೆಯ ಹೆಸರಿನವರೆಗೂ ಕೂತ, ಬರಿಗೈಯಲ್ಲಿ ಹೋದ. ಅಂಥ ಸಿನಿಮಾ ಬರುವ ಟಿ.ವಿ. ಯಾರಿಗೆ ಬೇಕು ಹೇಳಿ!

ಸೆಪ್ಟೆಂಬರಿನಲ್ಲಿ ನಮ್ಮ ದೇಶದವರೆಲ್ಲ ಬಸ್ಸು ಹಿಡಿದು ಜೋರ್ಡಾನಿನ ಅಮ್ಮಾನಿಗೆ ಹೊರಟರು. ಅಲ್ಲಿಂದ ಊರಿಗೆ ವಿಮಾನ. ಒಂದು ಮಧ್ಯಾಹ್ನ, ಪರದೆಯ ಮೇಲೆ ಹೆಸರುಗಳು ಏರುತ್ತಿರುವಾಗ, ಎದುರು ಫ್ಲಾಟಿನ ನರ್ಸ್, ನಾವೆಲ್ಲ 'ಬಾಯಿ' ಎಂದು ಕರೆಯುತ್ತಿದ್ದ ಹಿರಿಯಾಕೆ, ಓಡಿ ಬಂದರು.

"ಬಸ್ಸು ಕೆಳಗೆ ನಿಂತುಂಟು. ನಿಮಗೆ ಸೀಟು ಹಿಡಿದಿದ್ದೇನೆ. ಯಲ್ಲಾ, ಏಳು ಮಾರಾಯ್ತಿ! ನಿನ್ನ ಗಂಡ ಅಲ್ಲಿಂದಲೇ ಹೋಗಿರಬಹುದು. ಮಗುವಿನ ಮುಖ ನೋಡು!"

ನಾನು ಅರ್ಧ ಎದ್ದೆ. ಮೈದುನ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹೆಸರು ಮುಗೀಲಿಲ್ಲ, ಅತ್ತಿಗೆ."

"ಇವನಿಗೆ ಮಂಡೆ ಸಮ ಇಲ್ಲ!" ಎಂದರು ಬಾಯಿ.

"ಇಲ್ಲ ಬಾಯಿ. ಆದರೆ ನೋಡಿ, ಇಷ್ಟು ಜನ ಸೇರಿ ಆ ದೋಣಿಯನ್ನು ದಡಕ್ಕೆ ತರ್ತಿದ್ದಾರೆ. ನಾವು ಎದ್ದು ಹೋದರೆ ಅದು ಯಾರಿಗೆ ಅಂತ ಬರಬೇಕು?"

ನಾನು ಕೂತೆ. ಬಸ್ಸು ಹೋಯಿತು. ಆಮೇಲಿನ ದಿನಗಳಲ್ಲಿ ನಾನು ಅವನ ಜೊತೆ ಮಾತೇ ಆಡಲಿಲ್ಲ. ಅವನು ಮಾತ್ರ ಕ್ಯಾಮೆರಾದವನ ಸೊಂಟನೋವು ಈಗ ವಾಸಿ ಎಂದು ಮಗಳಿಗೆ ವರದಿ ಒಪ್ಪಿಸುತ್ತಿದ್ದ.

ಕಡೆಗೊಂದು ಬೆಳಗ್ಗೆ ಈರುಳ್ಳಿ ಲಾರಿಯೊಂದರಿಂದ ಗಡ್ಡದ ಮನುಷ್ಯನೊಬ್ಬ ನಮ್ಮ ಕಟ್ಟಡದ ಮುಂದೆ ಇಳಿದ. ಮೊದಲು ಗುರುತು ಹಿಡಿದದ್ದು ಮಗಳು. "ಪಪ್ಪಾ, ಯೂ ಸ್ಮೆಲ್!" ಎಂದು ಕಿರುಚಿ ಕುತ್ತಿಗೆಗೆ ಜೋತುಬಿದ್ದಳು. ಸೈನ್ಯದವರು ಸ್ಥಾವರದಿಂದ ಬಿಟ್ಟೊಡನೆ ನೇರ ಮನೆಗೇ ಬಂದಿದ್ದರು. ನಾವು ಹೊರಟುಹೋಗಿದ್ದರೆ ಅವರು ಬಡಿಯುತ್ತಿದ್ದದ್ದು ಬೀಗ ಹಾಕಿದ ಬಾಗಿಲನ್ನು.

ಮುಂದಿನ ಬಸ್ಸಿನಲ್ಲಿ ನಾಲ್ವರೂ ಹೊರಟೆವು. ಮರುಭೂಮಿ ದಾಟುವಾಗ ನನ್ನವರು ಕಿಟಕಿಗೆ ತಲೆ ಆನಿಸಿ ನಿದ್ದೆಹೋದರು. ಪಕ್ಕದಲ್ಲಿ ಮೈದುನ. ನಾನು ಹಿಂದಿನ ಸೀಟಿನಿಂದ ಬಾಗಿ ಕೇಳಿದೆ.

"ಈಗಲಾದರೂ ನಿಜ ಹೇಳು. ದೋಣಿಯಲ್ಲಿದ್ದದ್ದು ಯಾರು?"

"ನನಗೇನು ಗೊತ್ತು ಅತ್ತಿಗೆ? ನಾನೆಲ್ಲಿ ಸಿನಿಮಾ ನೋಡಿದೆ?"

"ದಿನಾ ಜೊತೆಗೇ ಕೂತಿದ್ದೆಯಲ್ಲೋ!"

"ದೋಣಿ ಬರುವ ಹೊತ್ತಿಗೆ ನಾನು ನಿಮ್ಮನ್ನೇ ನೋಡ್ತಿದ್ದೆ. ಅಳ್ತೀರೇನೋ ಅಂತ." ಹಿಂದಿರುಗಿ ನೋಡಿದ. "ಅಯ್ಯೋ, ಅಷ್ಟು ದಿನ ಅಳದವರು ಈಗ ಅಳ್ತೀರಲ್ಲ! ಕ್ಯಾಮೆರಾದವನು ಇಲ್ಲದ ಹೊತ್ತಿಗೆ!"

ನಕ್ಕುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದಾಗ ಅವನ ಎಡಗೈ ಕಾಣಿಸಿತು. ಮಲಗಿದ್ದ ಅಣ್ಣನ ಅಂಗಿಯ ಅಂಚನ್ನು ಅದು ಮುಷ್ಟಿಯಲ್ಲಿ ಹಿಡಿದಿತ್ತು, ಜಾತ್ರೆಯಲ್ಲಿ ಕಳೆದುಹೋಗಿ ಮತ್ತೆ ಸಿಕ್ಕಿದ ಮಗುವಿನ ಹಾಗೆ. ಅಮ್ಮಾನ್ ತಲುಪುವ ತನಕ ಬಿಡಲಿಲ್ಲ.