ನೀರಿಗೆ ಬೀಗ ಹಾಕುವ ನನ್ನ ತಮ್ಮ

ಆಗ ನನಗೆ ಅರವತ್ತೊಂಬತ್ತು. ಇದೆಲ್ಲ ನಡೆದು ಮೂರು ವರ್ಷವಾಯಿತು. ನನ್ನ ತಮ್ಮನಿಗೆ ತಲೆ ಸರಿಯಿಲ್ಲ ಎಂದು ಬಟವಾಡಿಯ ನಮ್ಮ ಬೀದಿಯಲ್ಲಿ ಅರ್ಧ ಜನ ಹೇಳುತ್ತಿದ್ದರು. ಉಳಿದ ಅರ್ಧಕ್ಕೆ ಅವನ ಪರಿಚಯವಿರಲಿಲ್ಲ.

ಅವನು ನೀರು ಶುದ್ಧ ಮಾಡುವ ಕೆಲಸದಲ್ಲಿದ್ದು ನಿವೃತ್ತನಾದವನು. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಹೆಣ್ಣಿಗಿಂತ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಿದರೆ ಯಾರು ಕೊಡುತ್ತಾರೆ? ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾನೆ. ನಿವೃತ್ತನಾಗಿ ಸುಮ್ಮನೆ ಕೂರಲಾರದೆ ನಮ್ಮ ಬೀದಿಯ ನಲ್ಲಿಗಳನ್ನೆಲ್ಲ ಮೂಸಿ ನೋಡುತ್ತಿದ್ದಾಗ ಒಂದು ಸಂಸ್ಥೆಯವರು ಹೊಸ ಕೆಲಸ ಕೊಟ್ಟರು, ಪುಣ್ಯ ಕಟ್ಟಿಕೊಂಡರು. ಗುಬ್ಬಿ, ಕುಣಿಗಲ್ ತಾಲ್ಲೂಕಿನ ಸಣ್ಣ ಸಣ್ಣ ಊರುಗಳಿಗೆ ಹೋಗಿ, ಕುಡಿಯುವ ನೀರು ನಿಯಮದಂತೆ ಇದೆಯೋ ಇಲ್ಲವೋ ನೋಡಿ ಸರಿಮಾಡಿಸುವುದು. ಟ್ಯಾಂಕು ತೊಳೆದಿದ್ದಾರಾ, ಕ್ಲೋರಿನ್ ಹಾಕಿದ್ದಾರಾ ಎಂಬುದಷ್ಟೇ ಅಲ್ಲ. ಈಗ ಮೋಟಾರುಗಳು ಮೊಬೈಲಿನಿಂದ ಓಡುತ್ತವಲ್ಲ, ಅದಕ್ಕೆ ಕಂಡವರು ಕೈ ಹಾಕದ ಹಾಗೆ ಬೀಗ ಇದೆಯಾ ಎಂದೂ ನೋಡಬೇಕು. ಸ್ಕೂಟರಿನ ಹಿಂದೆ ಕೂತು ನಾನೂ ಹೋಗುತ್ತಿದ್ದೆ. ಮನೆಯಲ್ಲಿ ಕೂತು ಯಾರಿಗೆ ಏನು ಉಪಯೋಗ? ನನಗೆ ಯಾವುದನ್ನು ಕಂಡರೂ ಇದೇನು, ಹೇಗೆ ನಡೆಯುತ್ತದೆ ಎಂದು ತಿಳಿಯುವ ಚಟ.

ಹೆಬ್ಬೂರಿನಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಎಲೆ ಹಾಕಿ ಪಲ್ಯ, ಕೋಸಂಬರಿ ಬಡಿಸಿ ಆಗಿದೆ. ಇವನು ಜೇಬಿನಿಂದ ಸಣ್ಣ ಬಾಟಲಿ ತೆಗೆದು ಲೋಟದ ನೀರಿಗೆ ನಾಲ್ಕು ಹನಿ ಬಿಟ್ಟ. ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗಬೇಕು. ತಿರುಗಲಿಲ್ಲ. ಎಲೆ ಬಿಟ್ಟು ಎದ್ದ. ಹೆಣ್ಣಿನ ತಂದೆ ಬೆವೆತುಕೊಂಡು ಓಡಿ ಬಂದರು.

"ಏನಾಯ್ತು ಸ್ವಾಮಿ? ನೀರಲ್ಲಿ ಏನಾರ ಬೆರೆಸವ್ರಾ?"

"ಏನೂ ಬೆರೆಸಿಲ್ಲ. ಅದೇ ತೊಂದರೆ" ಎಂದ ಇವನು.

ಆಮೇಲೆ ಆ ಸಾಲಿನಲ್ಲಿ ಒಬ್ಬರೂ ನೀರು ಮುಟ್ಟಲಿಲ್ಲ. ಮಜ್ಜಿಗೆ ಮಾತ್ರ ಎರಡನೆಯ ಪಂಕ್ತಿಗೇ ಮುಗಿಯಿತು. ಮಜ್ಜಿಗೆಗೆ ಯಾವ ನೀರು ಹಾಕಿದ್ದರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗುಬ್ಬಿ ಕಡೆಯ ಒಂದು ಊರಿನಲ್ಲಿ ಪಂಪ್‌ಹೌಸಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಮೋಟಾರಿನ ಫೋನ್ ನಂಬರು, ಅದರ ಕೆಳಗೇ ಗುಟ್ಟಿನ ನಂಬರು: ಒಂದು, ಎರಡು, ಮೂರು, ನಾಲ್ಕು. ನನ್ನ ತಮ್ಮ ತಲೆಯ ಮೇಲೆ ಕೈ ಹೊತ್ತು ನಿಂತ. ಊರಿಗೆ ನೀರು ಬಿಡುವ ನೀರಗಂಟಿ ಹಲ್ಲು ಬಿಟ್ಟುಕೊಂಡು ಬಂದ.

"ನಾನೇ ಬರ್ಸಿದ್ದು ಸಾ. ನಾನು ಸಂತೆಗೋ ಸಾವಿಗೋ ಹೋದ್ರೆ ಯಾರ್ ಬೇಕಾದ್ರೂ ಒತ್ತಿ ನೀರ್ ಬುಟ್ಕೋಬೋದು."

"ಅಲ್ಲಯ್ಯ, ಮನೆ ಬೀಗದ ಕೈನ ಬಾಗ್ಲಲ್ಲೇ ನೇತಾಕಿ ಹೋಗ್ತೀಯಾ?"

"ನಾವು ಬೀಗಾನೇ ಹಾಕಲ್ಲ ಸಾ."

ಸುತ್ತ ನಿಂತಿದ್ದವರಲ್ಲಿ ಒಬ್ಬ, "ನಮ್ಮೂರ್ ನೀರ್ನ ಯಾವೋನ್ ಕದೀತಾನೆ ಬುಡಿ ಸಾ" ಎಂದ.

"ಕದಿಯೋದೇ ಬೇಡ ಕಣಪ್ಪ. ಎಲ್ಲೋ ಕೂತಿರೋನು, ನಿಮ್ಮೂರಿನ ಹೆಸರೂ ಗೊತ್ತಿಲ್ದೋನು, ಒಂದು ಬೆರಳಲ್ಲಿ ನಿಮ್ಮ ಮೋಟಾರ್ ಸುಟ್ಟಾಕ್ಬೋದು."

ಅವರು ಹೆದರಿದರು. ನಾನು ನಕ್ಕೆ. ಎಲ್ಲೋ ಕೂತವನಿಗೆ ಅಷ್ಟು ಬಿಡುವು ಎಲ್ಲಿರುತ್ತದೆ?

ಕುಣಿಗಲ್ ಕಡೆಯ ಇನ್ನೊಂದು ಊರಿನಲ್ಲಿ ನೀರಗಂಟಿ ಒಬ್ಬ ಹೆಂಗಸು, ಮಾದೇವಮ್ಮ. ಗಂಡ ಸತ್ತ ಮೇಲೆ ಅವನ ಕೆಲಸವನ್ನು ಅವಳಿಗೆ ಕೊಟ್ಟಿದ್ದರು. ಅಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮೋಟಾರು ಓಡಿ ಟ್ಯಾಂಕು ತುಂಬಿ ಹರಿಯುತ್ತಿತ್ತು. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪಂಚಾಯಿತಿಯವರು ಹೇಳಿಬಿಟ್ಟಿದ್ದರು. ಇವಳು ಒತ್ತುತ್ತಿಲ್ಲ, ಗುಟ್ಟಿನ ನಂಬರು ಅರ್ಧ ಊರಿಗೆ ಗೊತ್ತಿದೆ ಎಂದು ನನ್ನ ತಮ್ಮ ಕಂಡುಹಿಡಿದ. ಹಳೆಯದನ್ನೆಲ್ಲ ಅಳಿಸಿ, ಎರಡೇ ಫೋನಿನಿಂದ ಮೋಟಾರು ಓಡುವ ಹಾಗೆ ಮಾಡಿದ: ಅವಳದೊಂದು, ಪರೀಕ್ಷೆಗೆಂದು ಇವನದೊಂದು.

"ಇನ್ಮೇಲೆ ನಿನ್ನ ಕೆಲಸಕ್ಕೆ ನಾನು ಜವಾಬ್ದಾರಿ ಕಣಮ್ಮ" ಎಂದ.

"ಅಂಗಂದ್ರೆ ಸಾಕು ಕಣಣ್ಣ" ಎಂದು ಅವಳು ನಮಗೆ ಎರಡು ಎಳನೀರು ಕೊಚ್ಚಿಕೊಟ್ಟಳು. ಎಳನೀರಿಗೆ ಅವನು ಬಾಟಲಿ ತೆಗೆಯಲಿಲ್ಲ. ತೆಗೆದಿದ್ದರೆ ನಾನೇ ಮಚ್ಚು ಎತ್ತುತ್ತಿದ್ದೆ.

ಎರಡು ವಾರ ಊರು ನೆಮ್ಮದಿಯಾಗಿತ್ತು. ಆಮೇಲೆ ಒಂದು ಸಂಜೆ ತಮ್ಮನಿಗೆ ಮಾದೇವಮ್ಮನ ಫೋನು. ಅವಳು ಅಳುವುದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಅಣ್ಣಾ, ನನ್ ಮಕ್ಕಳಾಣೆ, ನಾನ್ ಮುಟ್ಟಿಲ್ಲ. ಹಸ ಹೊಡ್ಕೊಂಡು ಬರೋವಾಗ ನೋಡ್ತೀನಿ, ಟ್ಯಾಂಕಿಂದ ನೀರು ಸುರೀತೈತೆ. ನಾಳೆ ಮೀಟಿಂಗ್ ಕರ್ದವ್ರೆ. ಎರಡೇ ಫೋನ್ ಅಲ್ವಾ, ಇನ್ಯಾರು ಒತ್ತವ್ರೆ ಅಂತಾವ್ರೆ."

ಯಾರು ಒತ್ತಿದ್ದು ಎಂದು ನನಗೆ ಆಗಲೇ ಗೊತ್ತಾಯಿತು. ಎಲ್ಲೋ ಕೂತಿರೋನು ಎಂದು ತಮ್ಮ ಹೇಳಿದ್ದನಲ್ಲ, ಅದು ನಾನು.

ಆ ಮಧ್ಯಾಹ್ನ ಅವನು ಯಾವುದೋ ಟ್ಯಾಂಕು ಹತ್ತಿ ಇಳಿದು ಬೆವರು ಸುರಿಸಿಕೊಂಡು ಬಂದು ಸ್ನಾನಕ್ಕೆ ಹೋದ. ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಅವನ ಫೋನು ಮೊರದ ಪಕ್ಕದಲ್ಲೇ ಬಿದ್ದಿತ್ತು. ಅದರ ಬೀಗವನ್ನು ನೋಡಿ ನನಗೆ ಮೊದಲಿಂದಲೂ ನಗು. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ, ಒಂದು ಎಳೆ! ಅರವತ್ತು ವರ್ಷ ಬಾಗಿಲಿಗೆ ರಂಗೋಲಿ ಬಿಟ್ಟವಳ ಎದುರು ಇದೂ ಒಂದು ಬೀಗವೇ? ಅವನ ಬೆರಳು ಹೋಗುವ ದಾರಿಯನ್ನು ಒಂದು ಸಲ ನೋಡಿದ್ದೆ, ಸಾಕಾಗಿತ್ತು. ಎಳೆದೆ, ತೆರೆಯಿತು. ಒಳಗೆ ಟ್ಯಾಂಕಿನ ಚಿತ್ರ, ಕೆಳಗೆ ಹಸಿರು ಗುಂಡಿ. ಬಟವಾಡಿಯಲ್ಲಿ ಒತ್ತಿದರೆ ಕುಣಿಗಲ್ ಕಡೆ ನಿಜವಾಗಿ ನೀರು ಬರುತ್ತದೆಯೇ? ಒತ್ತಿದೆ. "ಮೋಟಾರ್ ಚಾಲೂ ಆಗಿದೆ" ಎಂದಳು ಫೋನಿನೊಳಗಿಂದ ಒಬ್ಬ ಹುಡುಗಿ. "ಸರಿ ತಾಯಿ" ಎಂದು ಫೋನು ಕೆಳಗಿಟ್ಟು ಅವರೆಕಾಯಿ ಬಿಡಿಸಿದೆ. ಅದನ್ನು ಮತ್ತೆ ಆರಿಸಬೇಕೆಂದು ಆ ಹುಡುಗಿ ಹೇಳಲಿಲ್ಲ.

ಮಾದೇವಮ್ಮ ಫೋನಿಟ್ಟ ಮೇಲೆ ತಮ್ಮ ತನ್ನ ಫೋನನ್ನು ತೆರೆದು ಬಹಳ ಹೊತ್ತು ನೋಡಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕಾಗದ ತೆಗೆದು ಏನೋ ಬರೆದ, ಮಡಿಸಿ ಮೇಜಿನ ಮೇಲಿಟ್ಟ, ಹಾಲು ತರುತ್ತೇನೆಂದು ಹೊರಟ. ನನಗೆ ಓದು ಅಷ್ಟಕ್ಕಷ್ಟೇ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಮೋಟಾರು ಓಡಿದ್ದು ನನ್ನ ಫೋನಿನಿಂದ, ತಪ್ಪು ನನ್ನದು, ಮಾದೇವಮ್ಮನದಲ್ಲ, ನನ್ನನ್ನು ಈ ಕೆಲಸದಿಂದ ಬಿಡಿಸಬೇಕು" ಎಂದು ಪಂಚಾಯಿತಿಯವರಿಗೆ ಬರೆದಿದ್ದ.

ಅವನು ಹಾಲು ತಂದಾಗ ಬಾಗಿಲಲ್ಲೇ ಹೇಳಿದೆ. "ಒತ್ತಿದ್ದು ನಾನು ಕಣೋ."

"ಗೊತ್ತು. ಎಷ್ಟು ಹೊತ್ತಿಗೆ ಒತ್ತಿದ್ರು ಅಂತ ಅದು ಬರೆದಿಟ್ಕೊಳುತ್ತೆ. ನಾನು ಆಗ ಬಚ್ಚಲಲ್ಲಿದ್ದೆ."

"ಗೊತ್ತಿದ್ರೆ ಕೇಳೋಕೇನಾಗಿತ್ತೋ ನಿಂಗೆ?"

"ಕೇಳಿದ್ರೆ ನೀನು ಸುಳ್ಳು ಹೇಳ್ತಿರಲಿಲ್ಲ ಅಕ್ಕ. ಆಮೇಲೆ ನಿನ್ನ ಹೆಸರು ಬರೀಬೇಕಾಗ್ತಿತ್ತು."

ಹಾಲು ಕಾಯಿಸಲು ಒಳಗೆ ಹೋದ. ಅಂಗಡಿಯವನೆದುರು, ಬಸ್ಸಿನಲ್ಲಿ, ದೇವಸ್ಥಾನದಲ್ಲಿ ಕೂಡ ಅಂಗೈ ಅಡ್ಡ ಹಿಡಿದು ಫೋನು ತೆರೆಯುವವನು ಅವನು. ನನ್ನೆದುರು ಒಂದು ದಿನವೂ ಅಂಗೈ ಅಡ್ಡ ಹಿಡಿದಿರಲಿಲ್ಲ. ಅದು ನನಗೆ ಹೊಳೆದದ್ದು ಆಗಲೇ.

ಮಾರನೆಯ ಬೆಳಿಗ್ಗೆ ಅವನು ಏಳುವ ಮೊದಲೇ ಆ ಕಾಗದದ ಕೊನೆಯಲ್ಲಿದ್ದ ಅವನ ಹೆಸರಿಗೆ ಗೀಟು ಹೊಡೆದು, ಮೇಲೆ ನನ್ನ ಹೆಸರನ್ನು ದಪ್ಪಗೆ ಬರೆದು, ಕುಣಿಗಲ್ ಬಸ್ಸು ಹತ್ತಿದೆ. ಪಂಚಾಯಿತಿ ಬಾಗಿಲು ತೆಗೆಯುವ ಹೊತ್ತಿಗೆ ಜಗಲಿಯ ಮೇಲೆ ಮಾದೇವಮ್ಮನ ಪಕ್ಕ ಕೂತಿದ್ದೆ.