ಕಾಫಿಗೆ ಕಾಯದ ಲ್ಯಾಪ್‌ಟಾಪ್

ಜಿಪುಣತನವನ್ನು ಊರಲ್ಲೇ ಬಿಟ್ಟು ವಿಮಾನ ಹತ್ತಿದೆ ಎಂದು ನಾನು ಬಹಳ ದಿನ ನಂಬಿದ್ದೆ. ಅದು ಸುಳ್ಳು. ಗದಗಿನ ನಮ್ಮ ಮನೆಯಲ್ಲಿ ದೀಪ ಆರಿಸದೆ ಕೋಣೆಯಿಂದ ಹೊರಬಂದವನಿಗೆ ಊಟಕ್ಕೆ ಮುಂಚೆ ಮಂಗಳಾರತಿ ಆಗುತ್ತಿತ್ತು. ಕುವೈತಿಗೆ ಬಂದು, ಹವಲ್ಲಿ ಬಡಾವಣೆಯ ಮನೆಯ ಬಾಡಿಗೆಯಲ್ಲೇ ಕರೆಂಟೂ ಸೇರಿದೆ ಎಂದು ತಿಳಿದ ಮೇಲೂ, ಹಗಲಲ್ಲಿ ಮೆಟ್ಟಿಲ ದೀಪ ಉರಿಯುತ್ತಿದ್ದರೆ ಅದನ್ನು ಆರಿಸದೆ ನನಗೆ ಲಿಫ್ಟ್ ಹತ್ತಲಾಗುವುದಿಲ್ಲ.

ಇಂಥ ನನಗೆ ನಮ್ಮ ಕಂಪನಿಯ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರು, ಹೇಳಿ ಮಾಡಿಸಿದಂಥ ಕೆಲಸ ಕೊಟ್ಟರು. ಎಂಜಿನಿಯರುಗಳ ಲ್ಯಾಪ್‌ಟಾಪುಗಳು ಸೈಟಿನಲ್ಲಿ ಮಧ್ಯಾಹ್ನದೊಳಗೆ ಕಣ್ಣು ಮುಚ್ಚುತ್ತಿದ್ದವು. ಬ್ಯಾಟರಿ ಉಳಿಸುವ ಸಾಫ್ಟ್‌ವೇರ್ ಮೂರು ಬಂದಿವೆ, ಪರೀಕ್ಷಿಸಿ ಒಂದನ್ನು ಆರಿಸು, ನಿನ್ನ ಕೆಲಸ ಮೆಚ್ಚುಗೆಯಾದರೆ ಈ ಬೇಸಿಗೆಯಿಂದ ಆಫೀಸಿನಲ್ಲೇ ಕುರ್ಚಿ ಎಂದರು. ಜುಲೈ ತಿಂಗಳಲ್ಲಿ ಸೈಟಿನ ತಗಡಿನ ಕ್ಯಾಬಿನ್ನಿನಲ್ಲಿ ಬೆಂದ ಎಲೆಕ್ಟ್ರಿಕಲ್ ಸೂಪರ್‌ವೈಸರನಿಗೆ ಮಾತ್ರ ಆ ಕುರ್ಚಿಯ ಮಹಿಮೆ ಗೊತ್ತು. ನನಗದು ಬೇಕೇ ಬೇಕಿತ್ತು.

ಮೂರು ಶುಕ್ರವಾರ ಮನೆಯಲ್ಲಿ ಪರೀಕ್ಷೆ ನಡೆಯಿತು. ಚಾರ್ಜರ್ ಕಿತ್ತು, ಗಡಿಯಾರ ಎದುರಿಟ್ಟುಕೊಂಡು, ಯಂತ್ರಕ್ಕೆ ಕೆಲಸವಿರಬೇಕಲ್ಲ ಎಂದು ಬಿಡದೆ ಟೈಪ್ ಮಾಡಿದೆ. ಬರೆಯಲು ಏನೂ ತೋಚದೆ ನಮ್ಮ ಮದುವೆಗೆ ಬಂದವರ ಹೆಸರು ಬರೆದೆ. ಅದು ಮುಗಿದ ಮೇಲೆ ಬಾರದವರ ಹೆಸರು, ಅವರು ಕೊಟ್ಟ ಕಾರಣ. ಮೂರನೆಯ ಶುಕ್ರವಾರ ಹೆಂಡತಿ ಶಾರದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ರೀ ಇದು? ಮನ್ಯಾಗ ಮೂರು ಏಸಿ ಭರ್ರ ಅಂತ ನಡದಾವ, ನೀವು ಅಂಗೈಯಷ್ಟು ಬ್ಯಾಟರಿ ಉಳಸ್ಲಿಕ್ಕೆ ಕುಂತೀರಿ! ನಾಳೆ ನಮ್ಮಪ್ಪಗ ಮೊಣಕಾಲಿನ ಆಪರೇಷನ್ ಅದ. ಹುಬ್ಬಳ್ಳಿಗೆ ಒಂದು ಫೋನರ ಮಾಡ್ರಿ.”

ಮಾಡುತ್ತೇನೆ ಎಂದೆ, ಬೆರಳು ನಿಲ್ಲಿಸದೆ.

ಮೊದಲನೆಯ ಸಾಫ್ಟ್‌ವೇರ್ ಪರದೆಯನ್ನು ತುಸು ಮಂಕು ಮಾಡಿ ಸುಮ್ಮನಾಯಿತು. ಎರಡನೆಯದು ಗಳಿಗೆಗೊಮ್ಮೆ ಎಚ್ಚರಿಕೆ ಕೊಡುತ್ತ, ಆ ಎಚ್ಚರಿಕೆಯಲ್ಲೇ ಬ್ಯಾಟರಿ ತಿಂದಿತು. ಮೂರನೆಯದು ಮಾತ್ರ ನಮ್ಮ ಮನೆತನದ್ದು. ಒಂದು ನಿಮಿಷ ಕೈ ಸೋಕದಿದ್ದರೆ ಮಲಗಿಬಿಡುತ್ತಿತ್ತು. ಎಬ್ಬಿಸಿದರೆ ನೀನು ಯಾರು ಎಂದು ಪಾಸ್‌ವರ್ಡ್ ಕೇಳುತ್ತಿತ್ತು. ಅದನ್ನೇ ಆರಿಸಿ, ಹನ್ನೆರಡು ಪುಟದ ವರದಿ ಬರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುದೀರರ ಕೋಣೆಗೆ ಹೋದೆ.

ಹತ್ತು ವರ್ಷ ಇಲ್ಲಿದ್ದೂ ನಾನು ಮರೆತದ್ದೆಂದರೆ ಕಾಫಿ. ಆ ಕೋಣೆಯಲ್ಲಿ ಯಾವ ಕೆಲಸವೂ ಕಾಫಿಗೆ ಮೊದಲು ಶುರುವಾಗುವುದಿಲ್ಲ. ಪುಟ್ಟ ಬಟ್ಟಲಲ್ಲಿ ಏಲಕ್ಕಿ ಕಾಫಿ ಬರಬೇಕು, ಖರ್ಜೂರ ಬರಬೇಕು, ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಬೇಕು. ಮುದೀರರು “ಆರೋಗ್ಯ ಹೇಗಿದೆ?” ಎಂದರು. ಲ್ಯಾಪ್‌ಟಾಪ್ ಮಲಗಿತು. ಪಾಸ್‌ವರ್ಡ್ ಹೊಡೆದೆ. “ಮಕ್ಕಳ ಓದು?” ಎಂದರು. ಮತ್ತೆ ಮಲಗಿತು. ಮೂರನೆಯ ಸಲ ಎಬ್ಬಿಸಿದವನು ಅದನ್ನು ಬಿಡದೆ ಬೆರಳಲ್ಲಿ ಸವರುತ್ತ, ಕೇಳಿದ್ದಕ್ಕೆಲ್ಲ “ಗುಡ್, ಗುಡ್” ಎನ್ನತೊಡಗಿದೆ.

“ನಿನ್ನ ಮಾವನಿಗೆ ಆಪರೇಷನ್ ಎಂದಿದ್ದೆಯಲ್ಲ, ಕಾಲಿನ ನೋವು?”

“ವೆರಿ ಗುಡ್!”

ಮುದೀರರು ಬಟ್ಟಲು ಕೆಳಗಿಟ್ಟರು. ಮಾವನ ಕಾಲು ಹೇಗಿದೆಯೋ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಆ ಫೋನ್ ನಾನು ಮಾಡಿರಲೇ ಇಲ್ಲ. ನಾಚಿಕೆಯಿಂದ ಕೈ ತೆಗೆದೆ. ಪರದೆ ಕಪ್ಪಾಯಿತು.

“ಒಳ್ಳೆಯ ಸಾಫ್ಟ್‌ವೇರ್,” ಎಂದರು ಮುದೀರರು, ಮೃದುವಾಗಿಯೇ. “ಆದರೆ ಮನುಷ್ಯ ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಕಾಯದ್ದು ಆಫೀಸಿಗೆ ಬೇಡ. ಸೈಟಿಗೆ ಸರಿ, ಅಲ್ಲಿ ಕಾಫಿ ಕೊಡುವವರಿಲ್ಲ. ಇದರ ಸ್ವಭಾವ ನಿನಗೆ ಚೆನ್ನಾಗಿ ಗೊತ್ತು. ನೀನೂ ಜೊತೆಗೆ ಹೋಗು. ಖಲಾಸ್.”

ಹೀಗೆ ನಾವಿಬ್ಬರೂ ತಗಡಿನ ಕ್ಯಾಬಿನ್ನಿಗೆ ಮರಳಿದೆವು. ಆ ಸಂಜೆಯೇ ಹುಬ್ಬಳ್ಳಿಗೆ ಫೋನ್ ಮಾಡಿ ಮಾವನವರ ಮೊಣಕಾಲಿನ ಕಥೆಯನ್ನು ಹೊಲಿಗೆ ಹೊಲಿಗೆಯಾಗಿ ಕೇಳಿದೆ. ಬುದ್ಧಿ ಬಂದಿತ್ತು. ಜುಲೈಯಲ್ಲಿ ಮುದೀರರು ಸೈಟ್ ನೋಡಲು ಬರುವ ಸುದ್ದಿ ತಿಳಿದು, ಶಾರದೆಯಿಂದ ಫ್ಲಾಸ್ಕಿನಲ್ಲಿ ಏಲಕ್ಕಿ ಕಾಫಿ ಮಾಡಿಸಿಕೊಂಡು, ಖರ್ಜೂರ ಹೊಂದಿಸಿ ಕಾದೆ. ಬಂದರು. ಲ್ಯಾಪ್‌ಟಾಪನ್ನು ಅದರ ಪಾಡಿಗೆ ಮಲಗಲು ಬಿಟ್ಟು ವಿನಯದಿಂದ ಶುರುಮಾಡಿದೆ: ಆರೋಗ್ಯ ಹೇಗಿದೆ ಸರ್? ಮನೆಯಲ್ಲಿ? ದೊಡ್ಡ ಮಗನ ಕಾಲೇಜು?

ಮುದೀರರು ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದರು.

“ಗುಡ್, ಗುಡ್, ವೆರಿ ಗುಡ್. ಯಲ್ಲಾ, ಹೊರಡೋಣ!” ಎಂದು ಏಸಿ ಕಾರು ಹತ್ತಿ ಹೊರಟೇಹೋದರು. ಫ್ಲಾಸ್ಕಿನ ಕಾಫಿಯನ್ನು ಚೆಲ್ಲಲು ಮನಸ್ಸಾಗದೆ ನಾನೊಬ್ಬನೇ ಕುಡಿದು ಮುಗಿಸಿದೆ.